ದಕ್ಷತೆ ಜಾಸ್ತಿ, ವಿದ್ಯುತ್ ಕಡಿಮೆ: ಒಂದು ತಗಡಿನ ಮಾಡು, ನಾಲ್ಕು ಬಗೆಯ ಸೋಲಾರ್ ಪ್ಯಾನೆಲ್

ಹಿನ್ನೆಲೆ

ಇದು ಒಂದು ಸಣ್ಣ ತಯಾರಿಕಾ ಘಟಕದಲ್ಲಿ ನಡೆದ ಸಂಗತಿ. ಘಟಕದ ಹೆಸರು, ಊರು, ಮಾರಾಟಗಾರರ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಅಳತೆ ಮತ್ತು ಲೆಕ್ಕವನ್ನು ಮಾತ್ರ ಬಿಡಿಸಿ ಬರೆದಿದ್ದೇನೆ. ಓದಿದವರು ತಮ್ಮ ಮಾಡಿಗೆ ಇದೇ ಲೆಕ್ಕ ಹಾಕಿಕೊಳ್ಳಬೇಕು ಅಂದರೆ ಅಷ್ಟಾದರೂ ಬೇಕು.

ಘಟಕದ ಯಂತ್ರಗಳು ಓಡುವುದು ಹಗಲಿನಲ್ಲಿ. ಹಾಗಾಗಿ ಸೋಲಾರ್ ಹಾಕಿಸುವ ಯೋಚನೆ ಸಹಜವಾಗಿಯೇ ಬಂತು. ಮಾಡಿಗೆ ಎರಡು ಇಳಿಜಾರು. ಒಂದು ಕಡೆಯ ಶೀಟು ಹಳೆಯದು, ಅದರ ಮೇಲೆ ಭಾರ ಹೇರುವಂತಿರಲಿಲ್ಲ. ಇನ್ನೊಂದು ಕಡೆ ಬಿಸಿಲು ಚೆನ್ನಾಗಿ ಬೀಳುತ್ತಿತ್ತು, ಶೀಟೂ ಗಟ್ಟಿ. ಓಡಾಡುವ ದಾರಿ, ಅಂಚಿನ ಜಾಗ ಬಿಟ್ಟರೆ ಪ್ಯಾನೆಲ್‌ಗೆ ಸಿಗುವುದು 23.2 ಮೀಟರ್ ಉದ್ದ, 7 ಮೀಟರ್ ಅಗಲ. ಅಂದರೆ ಸುಮಾರು 162 ಚದರ ಮೀಟರ್, ಅಷ್ಟೇ.

ಮಾಲೀಕರ ಬೇಡಿಕೆ ಒಂದೇ ಸಾಲಿನದು. "ಜಾಗ ಕಡಿಮೆ ಇದೆ. ಅತಿ ಹೆಚ್ಚು ದಕ್ಷತೆ ಇರೋ ಪ್ಯಾನೆಲ್ಲೇ ಹಾಕಿಸೋಣ." ಮಾತಿನಲ್ಲಿ ತಪ್ಪೇನಿಲ್ಲ. ದಕ್ಷತೆ ಅಂದರೆ ಬಿದ್ದ ಬೆಳಕಿನಲ್ಲಿ ವಿದ್ಯುತ್ ಆಗುವ ಪಾಲು, ಅದರ ಚಿಂತೆ ಇರಬೇಕಾದದ್ದು ಜಾಗ ಕಡಿಮೆ ಇರುವವರಿಗೇ. ಆಯ್ಕೆಗೆ ನೆರವಾಗಲು ನನ್ನನ್ನು ಕರೆದಾಗ ಮೇಜಿನ ಮೇಲೆ ನಾಲ್ಕು ಕೊಟೇಶನ್ ಇದ್ದವು. ಮಾರಾಟಗಾರರನ್ನು ಅ, ಆ, ಇ, ಈ ಎಂದು ಕರೆಯೋಣ.

ಅ ಕೊಟ್ಟಿದ್ದು ಮೋನೋ ಪರ್ಕ್, ದಕ್ಷತೆ ಶೇ. 21.3. ಆ ಕೊಟ್ಟಿದ್ದು ಟಾಪ್‌ಕಾನ್, ಶೇ. 24.7. ಇ ಕೊಟ್ಟಿದ್ದು ಹೆಟೆರೋಜಂಕ್ಷನ್, ಮಾರುಕಟ್ಟೆಯಲ್ಲಿ ಎಚ್‌ಜೆಟಿ ಅಂತಾರೆ, ಶೇ. 25.2. ಈ ಕೊಟ್ಟಿದ್ದು ಕ್ಯಾಡ್ಮಿಯಂ ಟೆಲ್ಯುರೈಡ್ ತೆಳುಪದರದ ಪ್ಯಾನೆಲ್, ಶೇ. 18.6. ಇದಲ್ಲದೆ ಮಾಲೀಕರ ಫೋನಿನಲ್ಲಿ ಒಂದು ಸುದ್ದಿ ತುಣುಕು: ಶೇ. 34 ದಾಟಿದ ಸೋಲಾರ್ ಸೆಲ್ ಬಂದಿದೆಯಂತೆ. "ಅದು ಬರೋವರೆಗೆ ಕಾಯೋದು ಒಳ್ಳೇದಲ್ವಾ ಸರ್?" ಅಂತ ಅವರ ಪ್ರಶ್ನೆ.

ಪಟ್ಟಿಯನ್ನು ನೋಡಿದರೆ ತೀರ್ಮಾನ ಸುಲಭ. ಇ ಅವರು ಗೆಲ್ಲಬೇಕು, ಈ ಅವರು ಮನೆಗೆ ಹೋಗಬೇಕು. ಲೆಕ್ಕಪತ್ರ ನೋಡುವವರು ಆಗಲೇ ಇ ಅವರ ಕೊಟೇಶನ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದರು.

ಮೊದಲ ತಿರುವು: ಕರಪತ್ರ ಬಿಟ್ಟು ಭಾಗಾಕಾರ

ಪ್ಯಾನೆಲ್‌ನ ದಕ್ಷತೆ ಕಂಡುಹಿಡಿಯಲು ಯಾರ ಮಾತೂ ಬೇಕಿಲ್ಲ. ಎರಡೇ ಅಂಕಿ ಸಾಕು: ಎಷ್ಟು ವ್ಯಾಟ್, ಎಷ್ಟು ಉದ್ದಗಲ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಅಳೆಯುವುದು ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳಿಸಿ, ಸೆಲ್‌ನ ಉಷ್ಣಾಂಶ 25 ಡಿಗ್ರಿ ಇರುವಾಗ. ಹಾಗಾಗಿ ವ್ಯಾಟನ್ನು ಚದರ ಮೀಟರಿನಿಂದ ಭಾಗಿಸಿ, ಬಂದದ್ದನ್ನು ಮತ್ತೆ ಹತ್ತರಿಂದ ಭಾಗಿಸಿದರೆ ಶೇಕಡಾ ಸಿಗುತ್ತದೆ.

ಅ ಅವರ ಪ್ಯಾನೆಲ್ 550 ವ್ಯಾಟ್, ಅಳತೆ 2278 ಗುಣಿಸು 1134 ಮಿ.ಮೀ. ಅಂದರೆ 2.583 ಚದರ ಮೀಟರ್. ಶೇ. 21.3. ಹೇಳಿದ್ದು ಸರಿ.

ಆ ಅವರದು ಅದೇ ಅಳತೆ, 580 ವ್ಯಾಟ್. ಬರುವುದು ಶೇ. 22.5. ಹಾಗಾದರೆ 24.7 ಎಲ್ಲಿಂದ ಬಂತು? ಕೊಟೇಶನ್‌ನ ಎರಡನೇ ಪುಟದಲ್ಲಿ ಉತ್ತರ ಇತ್ತು. ಅದು ಬೈಫೇಶಿಯಲ್ ಪ್ಯಾನೆಲ್, ಹಿಂಬದಿಯಿಂದಲೂ ಬೆಳಕು ಹೀರುತ್ತದೆ. ಹಿಂಬದಿಯಿಂದ ಶೇ. 10 ಹೆಚ್ಚುವರಿ ಸಿಗುತ್ತದೆ ಅಂದುಕೊಂಡು 580ನ್ನು 638 ಮಾಡಿ, ಅದರಿಂದ ದಕ್ಷತೆ ಬರೆದಿದ್ದರು. ಬಯಲಲ್ಲಿ ಎತ್ತರದ ಕಂಬದ ಮೇಲೆ, ಕೆಳಗೆ ಬಿಳಿ ನೆಲ ಇದ್ದರೆ ಇಂಥ ಲಾಭ ಸಿಗುವುದುಂಟು. ತಗಡಿನ ಶೀಟಿಗೆ ಒತ್ತಿಕೊಂಡು ಮಲಗಿರುವ ಪ್ಯಾನೆಲ್‌ನ ಬೆನ್ನಿಗೆ ಬೆಳಕು ಎಲ್ಲಿಂದ ಬರಬೇಕು? ಆ 10ನ್ನು ಸೊನ್ನೆ ಅಂದುಕೊಂಡೆವು.

ಇ ಅವರ ಪ್ಯಾನೆಲ್ ದೊಡ್ಡದು: 2384 ಗುಣಿಸು 1303 ಮಿ.ಮೀ., 710 ವ್ಯಾಟ್. ಭಾಗಿಸಿದರೆ ಶೇ. 22.9. ಅವರು ಬರೆದ 25.2 ಸುಳ್ಳಲ್ಲ, ಆದರೆ ಅದು ಸೆಲ್‌ನ ದಕ್ಷತೆ. ಸೆಲ್ ಬೇರೆ, ಅಂಥ ಹಲವು ಸೆಲ್ ಜೋಡಿಸಿ ಮಾಡಿದ ಪ್ಯಾನೆಲ್ ಬೇರೆ. ಪ್ಯಾನೆಲ್‌ನಲ್ಲಿ ಸೆಲ್‌ಗಳ ನಡುವೆ ಸಂದಿ ಇರುತ್ತದೆ, ಸುತ್ತ ಚೌಕಟ್ಟು ಇರುತ್ತದೆ, ಮೇಲಿನ ಗಾಜು ಸ್ವಲ್ಪ ಬೆಳಕು ನುಂಗುತ್ತದೆ, ಸೆಲ್‌ಗಳನ್ನು ಜೋಡಿಸುವ ತಂತಿಯಲ್ಲಿ ಸ್ವಲ್ಪ ಹೋಗುತ್ತದೆ. ಹೀಗೆ ಒಂದೆರಡು ಶೇಕಡಾ ಸೋರುವುದು ಎಲ್ಲ ಪ್ಯಾನೆಲ್‌ಗಳಲ್ಲೂ ಇದ್ದದ್ದೇ.

ಈ ಅವರದು 460 ವ್ಯಾಟ್, 2009 ಗುಣಿಸು 1232 ಮಿ.ಮೀ. ಶೇ. 18.6. ಹೇಳಿದ್ದೇ ಬಂತು. ನಾಲ್ವರಲ್ಲಿ ಕಡಿಮೆ ಅಂಕಿ ಹೇಳಿದ ಇಬ್ಬರೂ ಪ್ಯಾನೆಲ್‌ನ ನಿಜವಾದ ಅಂಕಿಯನ್ನೇ ಹೇಳಿದ್ದರು, ಗಮನಿಸಿ.

ಒಂದು ಕಾಗದ, ಒಂದು ಕ್ಯಾಲ್ಕುಲೇಟರ್ ಇಷ್ಟರಲ್ಲಿ 21.3ರಿಂದ 25.2ರವರೆಗೆ ಇದ್ದ ಅಂತರ 21.3ರಿಂದ 22.9ಕ್ಕೆ ಕುಗ್ಗಿತು. ಅ, ಆ, ಇ ಮೂವರದೂ ಸಿಲಿಕಾನ್ ಪ್ಯಾನೆಲ್, ಆ ಮೂರರ ನಡುವೆ ಇರುವ ನಿಜವಾದ ಜಗಳ ಇಷ್ಟೇ.

ಜಗಳ ಯಾಕೆ ಇಷ್ಟು ಸಣ್ಣದು

ಮಾಲೀಕರಿಗೆ ಇದು ಸಮಾಧಾನ ಆಗಲಿಲ್ಲ. "ಟೆಕ್ನಾಲಜಿ ಬೇರೆ ಬೇರೆ ಅಂತೀರಿ, ವ್ಯತ್ಯಾಸ ಮಾತ್ರ ಒಂದೂವರೆ ಪರ್ಸೆಂಟ್ ಅಂತೀರಿ." ಕೇಳಬೇಕಾದ ಪ್ರಶ್ನೆಯೇ.

ಸಿಲಿಕಾನ್‌ಗೆ ಒಂದು ಮಿತಿ ಇದೆ. ಬೆಳಕಿನ ಕಣಕ್ಕೆ 1.12 ಎಲೆಕ್ಟ್ರಾನ್ ವೋಲ್ಟ್‌ಗಿಂತ (ಕಣಗಳ ಶಕ್ತಿ ಅಳೆಯುವ ಮಾನ) ಕಡಿಮೆ ಶಕ್ತಿ ಇದ್ದರೆ ಸಿಲಿಕಾನ್ ಅದನ್ನು ಹಿಡಿಯುವುದಿಲ್ಲ, ಕಣ ಹಾಗೇ ದಾಟಿ ಹೋಗುತ್ತದೆ. ಜಾಸ್ತಿ ಶಕ್ತಿ ಇದ್ದರೆ ಹಿಡಿಯುತ್ತದೆ, ಆದರೆ 1.12 ಮೀರಿದ ಪಾಲು ಬಿಸಿಯಾಗಿ ಹೋಗುತ್ತದೆ. ಒಂದೇ ಪದರದ ಯಾವ ಸೆಲ್‌ಗಾದರೂ ಇಂಥ ಒಂದು ಮಿತಿ ಇದೆ ಅಂತ ಶಾಕ್ಲಿ ಮತ್ತು ಕ್ವೈಸರ್ ಎಂಬ ವಿಜ್ಞಾನಿಗಳು 1961ರಲ್ಲೇ ತೋರಿಸಿದರು, ಈಗಿನ ಲೆಕ್ಕದಲ್ಲಿ ಅದು ಶೇ. 33ರ ಆಸುಪಾಸು. ಸಿಲಿಕಾನ್‌ನ ಸ್ವಂತ ಮಿತಿ ಶೇ. 29.4ರ ಹತ್ತಿರ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ತೋರಿಸಿದ ಸಿಲಿಕಾನ್ ಸೆಲ್ ಶೇ. 6ರದು. ಅಲ್ಲಿಂದ ಇಲ್ಲಿಗೆ ಬಂದು, ಇವತ್ತಿನ ಒಳ್ಳೆಯ ಸೆಲ್‌ಗಳು ಮಿತಿಯ ಬಾಗಿಲಲ್ಲೇ ನಿಂತಿವೆ. ಇನ್ನು ಸಿಗುವುದೆಲ್ಲ ಚೂರು ಚೂರು.

ಆ ಚೂರು ಎಲ್ಲಿಂದ ಬರುತ್ತದೆ ಅನ್ನುವುದೇ ಪರ್ಕ್, ಟಾಪ್‌ಕಾನ್, ಎಚ್‌ಜೆಟಿಗಳ ವ್ಯತ್ಯಾಸ. ಬೆಳಕು ಬಿಡಿಸಿದ ಎಲೆಕ್ಟ್ರಾನ್ ಹೊರಗೆ ಬರುವ ಮೊದಲೇ ಸೆಲ್‌ನ ಮೇಲ್ಮೈಯಲ್ಲಿ, ಮುಖ್ಯವಾಗಿ ಲೋಹ ಸಿಲಿಕಾನ್‌ಗೆ ತಾಗುವ ಜಾಗದಲ್ಲಿ ಕಳೆದುಹೋಗುತ್ತದೆ. ಮೂರೂ ತಂತ್ರಗಳು ಇದನ್ನು ತಡೆಯುವ ಬೇರೆ ಬೇರೆ ದಾರಿಗಳು. ಪರ್ಕ್ ಹುಟ್ಟಿದ್ದು 1980ರ ದಶಕದಲ್ಲಿ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಗ್ರೀನ್ ತಂಡದಲ್ಲಿ. ಹಿಂಬದಿಗೆ ರಕ್ಷಣೆಯ ಪದರ ಬಳಿದು, ಅಲ್ಲಲ್ಲಿ ಮಾತ್ರ ತೆರವು ಮಾಡಿ ಲೋಹ ತಾಗಿಸುತ್ತಾರೆ. ಟಾಪ್‌ಕಾನ್ ಅನ್ನು ಜರ್ಮನಿಯ ಫ್ರೌನ್‌ಹೋಫರ್ ಸೌರಶಕ್ತಿ ಸಂಸ್ಥೆ 2013ರಲ್ಲಿ ಮುಂದಿಟ್ಟಿತು. ಇಲ್ಲಿ ಹಿಂಬದಿಯಲ್ಲಿ ಲೋಹ ಸಿಲಿಕಾನ್‌ಗೆ ನೇರವಾಗಿ ತಾಗುವುದೇ ಇಲ್ಲ, ನಡುವೆ ಒಂದೆರಡು ನ್ಯಾನೋಮೀಟರಿನ ಆಕ್ಸೈಡ್ ಪದರ, ಅದರ ಮೇಲೆ ಪಾಲಿಸಿಲಿಕಾನ್. ಎಚ್‌ಜೆಟಿಯನ್ನು ಬೆಳೆಸಿದ್ದು ಜಪಾನಿನ ಸಾನ್ಯೋ ಕಂಪನಿ. ಸ್ಫಟಿಕ ಸಿಲಿಕಾನ್‌ನ ಎರಡೂ ಬದಿಗೆ ಅಸ್ಫಟಿಕ ಸಿಲಿಕಾನ್‌ನ ತೆಳು ಪದರ ಹಾಕುತ್ತಾರೆ.

ಇಲ್ಲಿ ಒಂದು ಉಪಲಾಭ ಇದೆ, ಮುಂದಿನ ಲೆಕ್ಕಕ್ಕೆ ಅದೇ ಮುಖ್ಯವಾಯಿತು. ಎಲೆಕ್ಟ್ರಾನ್ ಸೋರಿಕೆ ಕಡಿಮೆಯಾದಷ್ಟೂ ಸೆಲ್‌ನ ವೋಲ್ಟೇಜ್ ಏರುತ್ತದೆ. ವೋಲ್ಟೇಜ್ ಜಾಸ್ತಿ ಇರುವ ಸೆಲ್, ಬಿಸಿಗೆ ಕಡಿಮೆ ಬಗ್ಗುತ್ತದೆ. ಪ್ರತಿ ಡಿಗ್ರಿ ಏರಿಕೆಗೆ ಪರ್ಕ್ ಶೇ. 0.35ರಷ್ಟು ಕಳೆದುಕೊಂಡರೆ, ಟಾಪ್‌ಕಾನ್ 0.30, ಎಚ್‌ಜೆಟಿ 0.25ರ ಹತ್ತಿರ. ಕ್ಯಾಡ್ಮಿಯಂ ಟೆಲ್ಯುರೈಡ್ ಬೇರೆಯೇ ವಸ್ತು, ಅದರದು ಈ ಅವರು ಕೊಟ್ಟ ಡೇಟಾಶೀಟ್‌ನಲ್ಲಿ, ಅಂದರೆ ತಯಾರಕರ ವಿವರಪತ್ರದಲ್ಲಿ, 0.28.

ಕಾಯಬೇಕೋ ಬೇಡವೋ

ಶೇ. 34ರ ಸುದ್ದಿಯೂ ಸುಳ್ಳಲ್ಲ. ಅದು ಟ್ಯಾಂಡಮ್ ಸೆಲ್. ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಎಂಬ ವಸ್ತುವಿನ ಪದರ. ಎರಡು ಜರಡಿ ಒಂದರ ಮೇಲೊಂದು ಇಟ್ಟ ಹಾಗೆ: ಮೇಲಿನದು ಹೆಚ್ಚು ಶಕ್ತಿಯ ನೀಲಿ ಕಡೆಯ ಬೆಳಕನ್ನು ಹಿಡಿಯುತ್ತದೆ, ಉಳಿದದ್ದು ಕೆಳಗಿನ ಸಿಲಿಕಾನ್‌ಗೆ. ಒಂದೇ ಪದರದ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ. 2009ರಲ್ಲಿ ಮೊದಲ ಪೆರೋವ್‌ಸ್ಕೈಟ್ ಸೆಲ್ ಶೇ. 3.8 ಕೊಟ್ಟಿತ್ತು. 2024ರಲ್ಲಿ ಸಿಲಿಕಾನ್ ಜೊತೆ ಸೇರಿದ ಟ್ಯಾಂಡಮ್ ಶೇ. 34.6 ಮುಟ್ಟಿತು. ಇಷ್ಟು ವೇಗವಾಗಿ ಬೆಳೆದ ಸೋಲಾರ್ ವಸ್ತು ಇನ್ನೊಂದಿಲ್ಲ.

ಆದರೆ ಇಂಥ ದಾಖಲೆಗಳು ಬರುವುದು ಒಂದು ಚದರ ಸೆಂಟಿಮೀಟರ್ ಆಸುಪಾಸಿನ ತುಣುಕಿನಲ್ಲಿ. ಪೆರೋವ್‌ಸ್ಕೈಟ್‌ಗೆ ತೇವ, ಬಿಸಿ ಎರಡೂ ಆಗಿಬರುವುದಿಲ್ಲ. ಸಿಲಿಕಾನ್ ಪ್ಯಾನೆಲ್‌ಗಳಿಗೆ ದಶಕಗಟ್ಟಲೆ ಬಿಸಿಲು ಮಳೆ ಕಂಡ ಅನುಭವ ಇದೆ, ಇದಕ್ಕೆ ಆ ವಯಸ್ಸು ಇನ್ನೂ ಆಗಿಲ್ಲ. ಸೆಲ್‌ನಲ್ಲಿ ದಾಖಲೆ, ಪ್ಯಾನೆಲ್‌ನಲ್ಲಿ ಮಾರಾಟ, ಮಾಡಿನ ಮೇಲೆ 25 ವರ್ಷ, ಇವು ಮೂರು ಬೇರೆ ಬೇರೆ ಮೆಟ್ಟಿಲು.

ಮಾಲೀಕರಿಗೆ ಹೇಳಿದ್ದು ಇಷ್ಟೇ: ಕಾಯುವ ಪ್ರತಿ ವರ್ಷವೂ ಮಾಡು ಖಾಲಿ ಇರುತ್ತದೆ, ಆ ವರ್ಷದ ಯೂನಿಟ್‌ಗಳು ಹೋದವು ಅಂತಲೇ ಲೆಕ್ಕ. ಅವರು ಸುದ್ದಿ ತುಣುಕನ್ನು ಪಕ್ಕಕ್ಕಿಟ್ಟರು.

ಎರಡನೇ ತಿರುವು: ಮಾಡಿನ ನಕ್ಷೆ

ಈಗಲೂ ಎಚ್‌ಜೆಟಿಯೇ ಮುಂದಿತ್ತು, 22.9 ವಿರುದ್ಧ 22.5. ಲೆಕ್ಕಪತ್ರದವರು 162 ಚದರ ಮೀಟರಿಗೆ 22.9ನ್ನು ಗುಣಿಸಿ 37 ಕಿಲೋವ್ಯಾಟ್ ಅಂತ ಬರೆದುಕೊಂಡಿದ್ದರು. ಪ್ಯಾನೆಲ್ ಬಟ್ಟೆಯಾಗಿದ್ದರೆ ಅಷ್ಟು ಬರುತ್ತಿತ್ತು, ಕತ್ತರಿಸಿ ಹೊಂದಿಸಬಹುದಿತ್ತು.

ಹಾಗಾಗಿ ಗೀರು ಕಾಗದದ ಮೇಲೆ ಮಾಡನ್ನು ಬರೆದು, ಪ್ಯಾನೆಲ್ ಅಳತೆಯ ಚೀಟಿಗಳನ್ನು ಕತ್ತರಿಸಿ ಇಟ್ಟು ನೋಡಿದೆವು. ಎರಡು ಪ್ಯಾನೆಲ್ ನಡುವೆ 2 ಸೆಂಟಿಮೀಟರ್ ಸಂದಿ.

ಅ ಮತ್ತು ಆ ಅವರ ಪ್ಯಾನೆಲ್ ಒಂದೇ ಅಳತೆ. ಉದ್ದ ಭಾಗವನ್ನು ಇಳಿಜಾರಿನ ದಿಕ್ಕಿಗೆ ನಿಲ್ಲಿಸಿದರೆ ಮೂರು ಸಾಲು, ಅಂದರೆ 6.87 ಮೀಟರ್. 7 ಮೀಟರ್ ಜಾಗಕ್ಕೆ ಹೇಳಿ ಮಾಡಿಸಿದ ಹಾಗೆ. ಒಂದು ಸಾಲಿಗೆ 20. ಒಟ್ಟು 60 ಪ್ಯಾನೆಲ್. ಪರ್ಕ್ ಆದರೆ 33 ಕಿಲೋವ್ಯಾಟ್, ಟಾಪ್‌ಕಾನ್ ಆದರೆ 34.8.

ಇ ಅವರ ದೊಡ್ಡ ಪ್ಯಾನೆಲ್ ನಿಲ್ಲಿಸಿದರೆ ಮೂರು ಸಾಲಿಗೆ 7.19 ಮೀಟರ್ ಬೇಕು. 19 ಸೆಂಟಿಮೀಟರ್ ಕಡಿಮೆ ಬಿತ್ತು! ಅಷ್ಟಕ್ಕೇ ಒಂದು ಸಾಲು ಪೂರ್ತಿ ಹೋಯಿತು. ಅಡ್ಡ ಮಲಗಿಸಿ ನೋಡಿದೆವು: ಐದು ಸಾಲು, ಸಾಲಿಗೆ 9, ಒಟ್ಟು 45. ಹತ್ತನೆಯದಕ್ಕೆ ಜಾಗ ಸಾಲದು. 45ನ್ನು 710ರಿಂದ ಗುಣಿಸಿದರೆ 31.95 ಕಿಲೋವ್ಯಾಟ್.

ಅಂದರೆ ಅತಿ ಹೆಚ್ಚು ದಕ್ಷತೆಯ ಪ್ಯಾನೆಲ್, ಈ ಮಾಡಿನ ಮೇಲೆ, ಹಳೇ ಪರ್ಕ್‌ಗಿಂತಲೂ ಕಡಿಮೆ ವ್ಯಾಟ್ ಕೂರಿಸುತ್ತಿತ್ತು. ಲೆಕ್ಕಪತ್ರದವರು ಚೀಟಿಗಳನ್ನು ತಾವೇ ಮತ್ತೊಮ್ಮೆ ಜೋಡಿಸಿ ನೋಡಿದರು. ನಂತರ ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಒರೆಸಿದರು.

ಇದು ಎಚ್‌ಜೆಟಿಯ ದೋಷ ಅಲ್ಲ. ಅದೇ ಸೆಲ್ ಚಿಕ್ಕ ಅಳತೆಯ ಪ್ಯಾನೆಲ್‌ನಲ್ಲಿ ಸಿಕ್ಕಿದ್ದರೆ ಫಲಿತಾಂಶ ಬೇರೆ ಆಗುತ್ತಿತ್ತು. ಇ ಅವರನ್ನು ಕೇಳಿದೆವು, ಆ ಅಳತೆ ತಮ್ಮಲ್ಲಿಲ್ಲ ಅಂದರು. ತೆಳುಪದರದ ಪ್ಯಾನೆಲ್ ಅಡ್ಡ ಮಲಗಿಸಿದರೆ 55 ಕೂರುತ್ತಿದ್ದವು, 25.3 ಕಿಲೋವ್ಯಾಟ್. ಜಾಗ ಇಲ್ಲದ ಕಡೆ ಅದಕ್ಕೆ ಅವಕಾಶ ಇರಲಿಲ್ಲ.

ಬಿಸಿಯ ಲೆಕ್ಕ

ಡೇಟಾಶೀಟ್‌ನ 25 ಡಿಗ್ರಿ ಅನ್ನುವುದು ಸೆಲ್‌ನ ಉಷ್ಣಾಂಶ, ಗಾಳಿಯದಲ್ಲ. ಸುಡು ಬಿಸಿಲಿನಲ್ಲಿ ಸೆಲ್ ಯಾವತ್ತೂ 25ರಲ್ಲಿ ಇರುವುದಿಲ್ಲ. ತಗಡಿನ ಮಾಡಿನ ಮೇಲಂತೂ ಕೇಳುವುದೇ ಬೇಡ. ಕೆಳಗಿನ ಶೀಟೂ ಕಾಯುತ್ತದೆ, ನಡುವಿನ ಗಾಳಿಗೆ ಹೋಗಲು ದಾರಿ ಇರುವುದಿಲ್ಲ.

ಆ ಅವರಿಂದ ಎರಡು ಪ್ಯಾನೆಲ್ ತರಿಸಿ ಮಾಡಿನ ಮೇಲೆ ಇಟ್ಟೆವು. ಒಂದನ್ನು ಶೀಟಿನಿಂದ 5 ಸೆಂಟಿಮೀಟರ್ ಎತ್ತರಕ್ಕೆ, ಇನ್ನೊಂದನ್ನು 15 ಸೆಂಟಿಮೀಟರ್‌ಗೆ. ಹಿಂಬದಿಗೆ ಉಷ್ಣಾಂಶ ಅಳೆಯುವ ತಂತಿಯನ್ನು ಟೇಪ್ ಹಾಕಿ ಅಂಟಿಸಿ, ಎರಡಕ್ಕೂ ಒಂದೇ ಥರದ ವಿದ್ಯುತ್ ಹೊರೆ ಕೊಟ್ಟೆವು. ನಡು ಮಧ್ಯಾಹ್ನ ಗಾಳಿಯ ಉಷ್ಣಾಂಶ 34 ಇದ್ದಾಗ ತಗ್ಗಿನಲ್ಲಿದ್ದ ಪ್ಯಾನೆಲ್ 65 ತೋರಿಸಿತು. ಎತ್ತರದಲ್ಲಿದ್ದದ್ದು 56.

65 ಅಂದರೆ 25ಕ್ಕಿಂತ 40 ಡಿಗ್ರಿ ಜಾಸ್ತಿ. ಪರ್ಕ್‌ಗೆ ಶೇ. 14 ನಷ್ಟ, ಟಾಪ್‌ಕಾನ್‌ಗೆ 12, ಎಚ್‌ಜೆಟಿಗೆ 10, ತೆಳುಪದರಕ್ಕೆ 11ರ ಹತ್ತಿರ. ಇಲ್ಲಿ ಒಂದು ಗೊಂದಲ ತುಂಬ ಜನರಿಗೆ ಆಗುತ್ತದೆ. 22.5ರಲ್ಲಿ 12 ಕಳೆದು ದಕ್ಷತೆ ಹತ್ತೂವರೆಗೆ ಇಳಿಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. 22.5ರ ಶೇ. 12 ಮಾತ್ರ ಹೋಗುವುದು, ಉಳಿಯುವುದು ಶೇ. 19.8.

ಮಧ್ಯಾಹ್ನದ ಆ ಬಿಸಿಯಲ್ಲಿ ಒಟ್ಟು ಮಾಡು ಕೊಡುವುದು ಎಷ್ಟು? ಟಾಪ್‌ಕಾನ್ 30.6 ಕಿಲೋವ್ಯಾಟ್. ಎಚ್‌ಜೆಟಿ 28.8. ಪರ್ಕ್ 28.4. ತೆಳುಪದರ 22.5. ಎಚ್‌ಜೆಟಿ ಬಿಸಿ ತಡೆದು ಪರ್ಕ್‌ನ ಹಿಂದಿಕ್ಕಿತು, ಆದರೆ ಟಾಪ್‌ಕಾನ್ ಮುಟ್ಟಲಿಲ್ಲ. ಬೆಳಗ್ಗೆ ಸಂಜೆ ಬಿಸಿ ಇಳಿದಾಗ ಪರ್ಕ್ ಮತ್ತೆ ಎಚ್‌ಜೆಟಿಯನ್ನು ದಾಟುತ್ತದೆ, ಆದರೆ ಟಾಪ್‌ಕಾನ್‌ನ ಮೊದಲ ಸ್ಥಾನ ಬದಲಾಗುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಆ 9 ಡಿಗ್ರಿ. ಪ್ಯಾನೆಲ್ ಯಾವುದೇ ಇರಲಿ, ಹತ್ತು ಸೆಂಟಿಮೀಟರ್ ಎತ್ತರಿಸಿದ್ದಕ್ಕೆ ಟಾಪ್‌ಕಾನ್‌ನಲ್ಲಿ ಶೇ. 2.7 ವಾಪಸ್ ಬಂತು. ಪರ್ಕ್‌ನಿಂದ ಟಾಪ್‌ಕಾನ್‌ಗೆ ಹೋದರೆ ಬಿಸಿಯ ಬಾಬ್ತಿನಲ್ಲಿ ಉಳಿಯುವುದು ಶೇ. 2. ಅಂದರೆ ಕಬ್ಬಿಣದ ಕಾಲಿನ ಎತ್ತರ ಒಂದು ಇಡೀ ತಲೆಮಾರಿನ ಸೆಲ್ ಸಂಶೋಧನೆಯಷ್ಟೇ ಕೆಲಸ ಮಾಡಿತು. ಮಾರಾಟಗಾರರು ಯಾರೂ ಇದರ ಬಗ್ಗೆ ಮಾತೇ ಎತ್ತಿರಲಿಲ್ಲ. ಕಾಲಿನ ಎತ್ತರ ಮಾರಿ ಯಾರಿಗೆ ಲಾಭ, ಅಲ್ವಾ?

ಹಾಗಿದ್ದರೆ ಇನ್ನೂ ಎತ್ತರಿಸೋಣ ಅಂತ ಮಾಲೀಕರು 25 ಸೆಂಟಿಮೀಟರ್ ಕೇಳಿದರು. ಕಟ್ಟಡದ ಎಂಜಿನಿಯರ್ ಒಪ್ಪಲಿಲ್ಲ. ಎತ್ತರ ಏರಿದಷ್ಟೂ ಗಾಳಿ ಕೆಳಗೆ ನುಗ್ಗಿ ಪ್ಯಾನೆಲ್‌ಗಳನ್ನು ಮೇಲಕ್ಕೆ ಎತ್ತುವ ಬಲ ಏರುತ್ತದೆ, ಶೀಟಿನ ಕೆಳಗಿನ ಪಟ್ಟಿಗಳು ತಡೆಯಬೇಕಲ್ಲ. 15ಕ್ಕೆ ನಿಂತಿತು. ಪ್ಯಾನೆಲ್‌ಗಳ ತೂಕವನ್ನೂ ಅವರು ಆಗಲೇ ನೋಡಿದರು: ಎರಡೂ ಕಡೆ ಗಾಜಿರುವ ಈ ಅಳತೆಯ ಪ್ಯಾನೆಲ್ ಒಂದಕ್ಕೆ 32 ಕಿಲೋ ಹತ್ತಿರ, 60ಕ್ಕೆ ಎರಡು ಟನ್‌ಗೆ ಸ್ವಲ್ಪ ಕಡಿಮೆ.

ಪರ್ಕ್ ಬಿಟ್ಟಿದ್ದು ಯಾಕೆ

ಕಣದಲ್ಲಿ ಉಳಿದಿದ್ದು ಅ ಮತ್ತು ಆ. ಟಾಪ್‌ಕಾನ್ ವ್ಯಾಟಿಗೆ ಸ್ವಲ್ಪ ದುಬಾರಿ. ಆದರೆ ಎರಡೂ ಒಂದೇ ಅಳತೆ, ಎರಡಕ್ಕೂ 60 ಪ್ಯಾನೆಲ್. ಕಬ್ಬಿಣ, ಕ್ಲಾಂಪ್, ಕೂಲಿ ಬೀಳುವುದು ಪ್ಯಾನೆಲ್ ಸಂಖ್ಯೆಯ ಮೇಲೆ, ವ್ಯಾಟಿನ ಮೇಲಲ್ಲ. ಹಾಗಾಗಿ ಒಟ್ಟು ಖರ್ಚಿನಲ್ಲಿ ಅಂತರ ಕಿರಿದಾಯಿತು.

ವಯಸ್ಸಾಗುವ ಲೆಕ್ಕವೂ ಇತ್ತು. ಸಾಮಾನ್ಯವಾಗಿ ಪರ್ಕ್ ಮಾಡುವುದು ಪಿ ಬಗೆಯ ಸಿಲಿಕಾನ್‌ನಿಂದ. ಅದರಲ್ಲಿ ಬೋರಾನ್ ಬೆರೆತಿದ್ದರೆ ಬಿಸಿಲು ಬಿದ್ದ ಮೊದಲ ದಿನಗಳಲ್ಲೇ ಬೋರಾನ್ ಮತ್ತು ಆಮ್ಲಜನಕ ಸೇರಿ ಸ್ವಲ್ಪ ಶಕ್ತಿ ತಿಂದುಬಿಡುತ್ತವೆ. ಟಾಪ್‌ಕಾನ್ ಎನ್ ಬಗೆಯದು, ಈ ತೊಂದರೆ ಅದಕ್ಕಿಲ್ಲ. ವಾರಂಟಿ ಕಾಗದದಲ್ಲೂ ಅದು ಕಾಣುತ್ತಿತ್ತು. ಅ ಅವರದು ಮೊದಲ ವರ್ಷ ಶೇ. 2, ಆಮೇಲೆ ವರ್ಷಕ್ಕೆ 0.55 ಇಳಿಕೆ. 25 ವರ್ಷಕ್ಕೆ ಉಳಿಯುವುದು 84.8. ಆ ಅವರದು ಮೊದಲ ವರ್ಷ 1, ಆಮೇಲೆ 0.40. ಉಳಿಯುವುದು 89.4. ವಾರಂಟಿ ಅನ್ನುವುದು ಕಂಪನಿ ಕೊಡುವ ಮಾತು, ಅಳತೆ ಅಲ್ಲ. ಆದರೂ ದಿಕ್ಕು ಗೊತ್ತಾಗುತ್ತದೆ.

ಆ ಅವರನ್ನೇ ಆರಿಸಿದೆವು, 638ರ ಅಂಕಿಯನ್ನು ಕೊಟೇಶನ್‌ನಿಂದ ಹೊಡೆದು ಹಾಕಿಸಿ.

ಮೂರನೇ ತಿರುವು: ಗೇಣಗಲದ ನೆರಳು

ಪೂರ್ವದ ತುದಿಯಲ್ಲಿ ಮಾಡಿಗಿಂತ ಸ್ವಲ್ಪ ಎತ್ತರಿಸಿದ ಗೋಡೆ ಇತ್ತು. ಬೆಳಗ್ಗೆ ಹೊತ್ತೇರುವವರೆಗೂ ಅದರ ನೆರಳು ತುದಿಯ ಪ್ಯಾನೆಲ್‌ಗಳ ಮೇಲೆ ಗೇಣಗಲದ ಪಟ್ಟಿಯಾಗಿ, ಸೂರಿನಿಂದ ಮೇಲ್ತುದಿಯವರೆಗೆ ಬೀಳುತ್ತಿತ್ತು. ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ.

ಈ ಪ್ಯಾನೆಲ್‌ನಲ್ಲಿ 144 ಅರ್ಧ ಸೆಲ್‌ಗಳು. ಉದ್ದಕ್ಕೆ ಆರು ಪಟ್ಟಿ, ಎರಡೆರಡು ಪಟ್ಟಿಗೆ ಒಂದು ಬೈಪಾಸ್ ಡಯೋಡ್ (ನೆರಳಾದ ಭಾಗವನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ದಾಟಿಸುವ ಬಿಡಿಭಾಗ), ಒಟ್ಟು ಮೂರು. ಮೇಲರ್ಧ, ಕೆಳಗರ್ಧ ಸಮಾಂತರವಾಗಿ ಜೋಡಿಸಿರುತ್ತಾರೆ. ಪ್ಯಾನೆಲ್ ನಿಲ್ಲಿಸಿದರೆ ನೆರಳಿನ ಪಟ್ಟಿ ಉದ್ದ ಅಂಚಿನ ಮೇಲೆ ಬೀಳುತ್ತದೆ. ಒಂದು ಡಯೋಡ್ ಕೆಲಸ ಮಾಡಿ ಪ್ಯಾನೆಲ್‌ನ ಮೂರನೇ ಒಂದು ಭಾಗ ಮಾತ್ರ ಬಿಟ್ಟುಹೋಗುತ್ತದೆ. ತುದಿಯಲ್ಲಿ ಇಂಥ ಮೂರು ಪ್ಯಾನೆಲ್. ಒಟ್ಟು ನಷ್ಟ ಒಂದು ಪ್ಯಾನೆಲ್‌ನಷ್ಟು, 60ರಲ್ಲಿ ಒಂದು.

ಅಡ್ಡ ಮಲಗಿಸಿದರೂ 60 ಪ್ಯಾನೆಲ್ಲೇ ಕೂರುತ್ತಿದ್ದವು, ಆರು ಸಾಲು, ಸಾಲಿಗೆ ಹತ್ತು. ಅಳವಡಿಸುವವರಿಗೆ ಅದೇ ಇಷ್ಟ ಇತ್ತು, ಕಬ್ಬಿಣ ಕಡಿಮೆ ಸಾಕು ಅಂದರು. ಆದರೆ ಆಗ ಅದೇ ನೆರಳು ಆರು ಪ್ಯಾನೆಲ್‌ಗಳ ಗಿಡ್ಡ ಅಂಚಿನ ಮೇಲೆ ಬೀಳುತ್ತದೆ. ಆರೂ ಪಟ್ಟಿಗಳ ಒಂದು ಅರ್ಧ ಒಟ್ಟಿಗೇ ಮಂಕಾಗುತ್ತದೆ. ಕರೆಂಟ್ ಅರ್ಧಕ್ಕಿಳಿದ ಪ್ಯಾನೆಲ್, ಸಾಲಿನ ಉಳಿದ ಪ್ಯಾನೆಲ್‌ಗಳ ಪೂರ್ತಿ ಕರೆಂಟ್ ಹೊರಲಾರದು. ಮೂರು ಡಯೋಡೂ ತೆರೆದುಕೊಂಡು ಇಡೀ ಪ್ಯಾನೆಲ್ ಬಿಟ್ಟುಹೋಗುತ್ತದೆ. ನಷ್ಟ 60ರಲ್ಲಿ ಆರು. ಅದೇ ಪ್ಯಾನೆಲ್, ಅದೇ ಮಾಡು, ಅದೇ ನೆರಳು. ತಿರುಗಿಸಿ ಇಟ್ಟರೆ ಆ ಹೊತ್ತಿನ ನಷ್ಟ ಶೇ. 1.7ರಿಂದ 10ಕ್ಕೆ ಹೋಗುತ್ತದೆ.

ನಿಲ್ಲಿಸಿಯೇ ಹಾಕಿಸಿದೆವು. ಒಂದು ಸಾಲು ಒಂದು ಸ್ಟ್ರಿಂಗ್, ಅಂದರೆ ಒಂದರ ಹಿಂದೊಂದು ತಂತಿ ಜೋಡಿಸಿದ ಪ್ಯಾನೆಲ್‌ಗಳ ಸರಣಿ. ಮೂರೂ ಸ್ಟ್ರಿಂಗ್‌ಗೆ ಒಂದೇ ರೀತಿಯ ನೆರಳು, ಹಾಗಾಗಿ ಒಂದನ್ನೊಂದು ಎಳೆಯುವುದಿಲ್ಲ. 20 ಪ್ಯಾನೆಲ್ ಸರಣಿಯಲ್ಲಿದ್ದರೆ ತೆರೆದ ವೋಲ್ಟೇಜ್ (ಕರೆಂಟ್ ಹರಿಯದಿರುವಾಗಿನ ವೋಲ್ಟೇಜ್) ಸಾವಿರ ದಾಟುತ್ತದೆ, ಚಳಿಯ ಬೆಳಗ್ಗೆ ಇನ್ನೂ ಏರುತ್ತದೆ. ಅದಕ್ಕೆ 1100 ವೋಲ್ಟ್ ತಡೆಯುವ ಇನ್ವರ್ಟರ್ ಹಾಕಿಸಿದ್ದು. ಅದರ ಶಕ್ತಿ 30 ಕಿಲೋವ್ಯಾಟ್. ಪ್ಯಾನೆಲ್ 34.8 ಇದ್ದು ಇನ್ವರ್ಟರ್ 30 ಅಂದರೆ ಮೋಸ ಅಂತ ಕೆಲವರು ಅಂದುಕೊಳ್ಳುತ್ತಾರೆ. ಬಿಸಿಯ ಲೆಕ್ಕ ನೋಡಿದವರಿಗೆ ಹಾಗನ್ನಿಸುವುದಿಲ್ಲ.

ಆಮೇಲೆ ಏನಾಯಿತು

ಮೊದಲ ಕೆಲವು ತಿಂಗಳು ಯೂನಿಟ್ ಅಂದಾಜಿನ ಹತ್ತಿರವೇ ಬಂದವು. ತಂಪಾದ, ತಿಳಿ ಬಿಸಿಲಿನ ದಿನಗಳಲ್ಲಿ ನಡು ಮಧ್ಯಾಹ್ನ ಇನ್ವರ್ಟರ್ 30ಕ್ಕೆ ಮುಟ್ಟಿ ನಿಲ್ಲುತ್ತಿತ್ತು. ಅದು ನಿರೀಕ್ಷಿಸಿದ್ದೇ. ಬೆಳಗಿನ ನೆರಳಿನ ಹೊತ್ತಿನಲ್ಲಿ ಗ್ರಾಫ್‌ನಲ್ಲಿ ಗುಂಡಿ ಏನೂ ಕಾಣಲಿಲ್ಲ.

ಮಳೆ ನಿಂತು ಒಣ ದಿನಗಳು ಶುರುವಾದ ಮೇಲೆ ಉತ್ಪಾದನೆ ಮೆಲ್ಲಗೆ ಇಳಿಯಿತು. ಧೂಳು ಅಂದುಕೊಂಡು ಮೇಲ್ವಿಚಾರಕರು ನೀರು ಬಿಡಿಸಿದರು. ಸ್ವಲ್ಪ ಏರಿ ಮತ್ತೆ ಇಳಿಯಿತು. ಮೇಲೆ ಹತ್ತಿ ನೋಡಿದಾಗ ಗಾಜು ಹೊಳೆಯುತ್ತಿತ್ತು. ಕೆಳ ಅಂಚಿನಲ್ಲಿ ಮಾತ್ರ, ಚೌಕಟ್ಟಿಗೆ ತಾಗಿಕೊಂಡು, ಎರಡು ಬೆರಳಗಲ ಕೆಸರು ಗಟ್ಟಿ ಕಟ್ಟಿತ್ತು. ಮಾಡಿನ ಇಳಿಜಾರು ಕಡಿಮೆ. ತೊಳೆದ ನೀರು ಹರಿದು ಬಂದು ಚೌಕಟ್ಟಿನ ಅಂಚಿಗೆ ತಡೆದು ನಿಂತು, ಅಲ್ಲೇ ಆರಿ, ತಂದ ಮಣ್ಣನ್ನೆಲ್ಲ ಅಲ್ಲೇ ಬಿಟ್ಟಿತ್ತು.

ಇಲ್ಲಿ ನಿಲ್ಲಿಸಿ ಹಾಕಿದ್ದರ ಇನ್ನೊಂದು ಮುಖ ಕಂಡಿತು. ಗೋಡೆಯ ನೆರಳಿಗೆ ಒಳ್ಳೆಯದಾದ ದಿಕ್ಕೇ ಕೆಳ ಅಂಚಿನ ಕೊಳೆಗೆ ಕೆಟ್ಟದ್ದು. ಕೆಳಗೆ ಇರುವುದು ಗಿಡ್ಡ ಅಂಚು, ಕೆಸರಿನ ಪಟ್ಟಿ ಆರೂ ಪಟ್ಟಿಗಳ ಕೊನೆಯ ಸೆಲ್‌ಗಳನ್ನು ಮುಚ್ಚುತ್ತದೆ, ಕೆಳಗರ್ಧದ ಕರೆಂಟ್ ಬೀಳುತ್ತದೆ. ಅದೂ 60 ಪ್ಯಾನೆಲ್‌ಗಳಲ್ಲೂ. ಅಡ್ಡ ಮಲಗಿಸಿದ್ದರೆ ಒಂದೇ ಡಯೋಡ್‌ನ ಭಾಗ ಹೋಗುತ್ತಿತ್ತು. ಕೆಳ ಅಂಚನ್ನು ಮೊದಲು ಉಜ್ಜಬೇಕು ಅಂತ ಹಸ್ತಾಂತರದ ಕಾಗದದಲ್ಲಿ ಬರೆದೇ ಇತ್ತು. ಆದರೆ ನೆಲದಿಂದ ಪೈಪ್ ಹಿಡಿದು ನೀರು ಬಿಡುವವರಿಗೆ ಆ ಅಂಚು ಕಾಣುವುದೇ ಇಲ್ಲ.

ಪರಿಹಾರ ಸಣ್ಣದು. ಚೌಕಟ್ಟಿನ ಕೆಳ ಅಂಚಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳು ಸಿಗುತ್ತವೆ. ನಿಂತ ನೀರನ್ನು ಅಂಚು ದಾಟಿಸಿ ಹೊರಗೆ ಹರಿಸುತ್ತವೆ. ಕೆಸರನ್ನು ಕೈಯಲ್ಲಿ ಉಜ್ಜಿ ತೆಗೆದು, ಪ್ರತಿ ಪ್ಯಾನೆಲ್‌ಗೆ ಕ್ಲಿಪ್ ಹಾಕಿಸಿದರು. ಗ್ರಾಫ್ ಮೇಲೆ ಬಂತು. ವಾರಕ್ಕೊಮ್ಮೆ ಸುಮ್ನೆ ನೀರು ಬಿಡುವ ಬದಲು ಈಗ ಒಣ ಕಾಲದಲ್ಲಿ ಉದ್ದ ಹಿಡಿಯ ಬ್ರಷ್ ಹಿಡಿದು ಕೆಳ ಅಂಚಿನಿಂದ ಶುರು ಮಾಡುತ್ತಾರೆ. ಮಧ್ಯಾಹ್ನ ಅಲ್ಲ, ಬೆಳಗ್ಗೆ, ಗಾಜು ತಣ್ಣಗಿರುವಾಗ.

ಈ ಪ್ರಕರಣದಿಂದ ಬೇರೆಯವರು ಏನು ತಗೊಳ್ಳಬಹುದು

ಟಾಪ್‌ಕಾನ್ ಗೆದ್ದಿತು ಅಂತ ಇದನ್ನು ಓದಿದರೆ ತಪ್ಪಾಗುತ್ತದೆ. ಗೆದ್ದದ್ದು 2278 ಮಿ.ಮೀ. ಉದ್ದದ ಪ್ಯಾನೆಲ್, 7 ಮೀಟರಿನ ಇಳಿಜಾರಿನಲ್ಲಿ. ಇಳಿಜಾರು 7.2 ಮೀಟರ್ ಇದ್ದಿದ್ದರೆ ಇ ಅವರ ಪ್ಯಾನೆಲ್ ನಿಲ್ಲಿಸಿ ಮೂರು ಸಾಲು ಕೂರುತ್ತಿತ್ತು, ಸಾಲಿಗೆ 17, ಒಟ್ಟು 51. ಆಗ ಎಚ್‌ಜೆಟಿ 36.2 ಕಿಲೋವ್ಯಾಟ್ ಕೊಟ್ಟು, ಬಿಸಿಯಲ್ಲೂ ಮುಂದೆ ಇರುತ್ತಿತ್ತು. ಇಡೀ ತೀರ್ಮಾನ 20 ಸೆಂಟಿಮೀಟರ್ ಮೇಲೆ ನಿಂತಿತ್ತು.

ಪ್ರಶ್ನೆ ಕೇಳುವ ಕ್ರಮವೂ ಮುಖ್ಯವಾಯಿತು. ಮೊದಲು ಅಂಕಿ ಯಾವುದರದು ಅಂತ ಕೇಳಿದ್ದು: ಸೆಲ್‌ನದೋ, ಪ್ಯಾನೆಲ್‌ನದೋ, ಹಿಂಬದಿಯ ಲಾಭ ಸೇರಿಸಿದ್ದೋ. ಆಮೇಲೆ ಎಷ್ಟು ಕೂರುತ್ತವೆ, ಎಷ್ಟು ಬಿಸಿಯಾಗುತ್ತವೆ, ನೆರಳು ಎಲ್ಲಿ. ಪ್ಯಾನೆಲ್ ಬಗೆ ಯಾವುದು ಅನ್ನುವ ಪ್ರಶ್ನೆಗೆ ಬರುವ ಹೊತ್ತಿಗೆ ಉತ್ತರ ಅರ್ಧ ತಾನಾಗಿಯೇ ಸಿಕ್ಕಿತ್ತು. ನಾನು ನೋಡಿದ ಹೆಚ್ಚಿನ ಕಡೆ ಈ ಕ್ರಮ ತಲೆಕೆಳಗಾಗಿರುತ್ತದೆ. ಬಗೆ ಮೊದಲು ತೀರ್ಮಾನ, ನಕ್ಷೆ ಅಳವಡಿಸುವ ದಿನ.

ಈಚೆಗೆ ಘಟಕದವರು ಹಿಂಬದಿಯ ಖಾಲಿ ಜಾಗವನ್ನು ತಗೊಂಡಿದ್ದಾರೆ. ಅಲ್ಲಿ ನೆರಳಿಲ್ಲ, ಜಾಗಕ್ಕೆ ಬರ ಇಲ್ಲ. ಹಾಗಾಗಿ ಚದರ ಮೀಟರಿಗೆ ಎಷ್ಟು ವ್ಯಾಟ್ ಅನ್ನುವುದು ಅಲ್ಲಿ ದೊಡ್ಡ ಮಾತಲ್ಲ, ಖರ್ಚಿಗೆ ಎಷ್ಟು ಯೂನಿಟ್ ಅನ್ನುವುದೇ ಮಾತು. ನೆಲದಿಂದ ಎತ್ತರದಲ್ಲಿ ನಿಲ್ಲಿಸುವುದರಿಂದ ಬೈಫೇಶಿಯಲ್ ಪ್ಯಾನೆಲ್‌ನ ಬೆನ್ನಿಗೂ ಕೆಲಸ ಇದೆ. ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದ ತೆಳುಪದರದ ಈ ಅವರಿಗೆ ಮತ್ತೆ ಕರೆ ಹೋಗಿದೆ. ಲೆಕ್ಕಪತ್ರದವರು ಈ ಸಲ ಎಲ್ಲರಿಗೂ ಒಂದೇ ನಮೂನೆ ಕಳಿಸಿದ್ದಾರೆ: ಪ್ಯಾನೆಲ್‌ನ ವ್ಯಾಟ್, ಉದ್ದಗಲ, ಡಿಗ್ರಿಗೆ ಎಷ್ಟು ಇಳಿಕೆ, ಹಿಂಬದಿಯ ಲಾಭ ಬೇರೆ ಕಾಲಮ್ಮಿನಲ್ಲಿ. ದಕ್ಷತೆ ಎಂಬ ಕಾಲಮ್ಮೇ ಅದರಲ್ಲಿಲ್ಲ, ಅದನ್ನು ಅವರೇ ಭಾಗಿಸಿ ತೆಗೆಯುತ್ತಾರಂತೆ.